ಐವತ್ತನಾಲ್ಕು ವರ್ಷಗಳ ನಂತರ ಬಂದ ಕಪ್ ಮತ್ತು ನಮ್ಮ ಕರಾವಳಿಯ ಮೈದಾನಗಳು

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕ ಫುಟ್‌ಬಾಲ್ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಇದಕ್ಕೆ ಮೊದಲು ನಮ್ಮ ರಾಜ್ಯ ಈ ಟ್ರೋಫಿ ಗೆದ್ದದ್ದು 1968-69ರಲ್ಲಿ. ಆಗ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರಿನಲ್ಲಿ ಬಂದ ಮೊದಲ ಕಪ್ ಇದು. ನಡುವೆ ಕಳೆದದ್ದು ಬರೋಬ್ಬರಿ 54 ವರ್ಷ!

ಗೆಲುವಿನ ಸುದ್ದಿ ಎರಡು ದಿನ ಪತ್ರಿಕೆಗಳಲ್ಲಿ ಬಂತು, ಆಮೇಲೆ ಮರೆಯಾಯಿತು. ಆದರೆ ಅದರ ನಂತರ ಆದದ್ದನ್ನು ಬಹಳ ಜನ ಗಮನಿಸಲಿಲ್ಲ. 2024ರ ಫೆಬ್ರವರಿ-ಮಾರ್ಚ್‌ನಲ್ಲಿ ಅರುಣಾಚಲ ಪ್ರದೇಶದಲ್ಲಿ ನಡೆದ ಮುಂದಿನ ಸಂತೋಷ್ ಟ್ರೋಫಿಯಲ್ಲಿ ಹಾಲಿ ಚಾಂಪಿಯನ್ ಕರ್ನಾಟಕ ಕೊನೆಯ ಎಂಟರ ಘಟ್ಟವನ್ನೂ ತಲುಪಲಿಲ್ಲ. 2024ರ ಡಿಸೆಂಬರ್‌ನಲ್ಲಿ ಹೈದರಾಬಾದಿನಲ್ಲಿ 12 ತಂಡಗಳ ಅಂತಿಮ ಸುತ್ತು ನಡೆದಾಗ ಆ 12ರಲ್ಲಿ ಕರ್ನಾಟಕದ ಹೆಸರೇ ಇರಲಿಲ್ಲ. ರಿಯಾದ್‌ನಲ್ಲಿ ಕಪ್ ಎತ್ತಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಹೀಗೇಕಾಯಿತು? ಇದು ಬೆಂಗಳೂರಿನವರು ಮಾತ್ರ ಕೇಳಿಕೊಳ್ಳಬೇಕಾದ ಪ್ರಶ್ನೆಯಲ್ಲ. ಕಾರವಾರ, ಅಂಕೋಲಾ ಕಡೆಯ ನಮ್ಮ ಹುಡುಗರು ಚೆಂಡಿನ ಹಿಂದೆ ಓಡುತ್ತಲೇ ಬೆಳೆದವರು. ಅವರಿಗೆ ಈ ಕಥೆಯಲ್ಲಿ ಒಂದು ಪಾಠವಿದೆ. ಅವರನ್ನು ಆಡಿಸುವ ಹಿರಿಯರಿಗೆ, ಶಾಲೆಗಳಿಗೆ, ಧರ್ಮಕೇಂದ್ರಗಳಿಗೆ ಇನ್ನೂ ದೊಡ್ಡ ಪಾಠವಿದೆ ಎಂಬುದು ನಮ್ಮ ಅಭಿಪ್ರಾಯ.

ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರದ ತಂಡ

2022ರ ಏಪ್ರಿಲ್ 28ರಂದು ಕೇರಳದ ಮಂಜೇರಿಯಲ್ಲಿ ನಡೆದ ಸೆಮಿಫೈನಲಿನಿಂದ ಈ ಕಥೆಯನ್ನು ಹೇಳಬೇಕು. ಅಂದು ಕರ್ನಾಟಕ ಮೊದಲು ಗೋಲು ಹೊಡೆಯಿತು. ಆದರೆ ಬದಲಿ ಆಟಗಾರನಾಗಿ ಕಣಕ್ಕಿಳಿದ ಕೇರಳದ ಜೆಸಿನ್ ಒಬ್ಬರೇ ಐದು ಗೋಲು ಬಾರಿಸಿದರು. ಪಂದ್ಯ 7-3ರಲ್ಲಿ ಮುಗಿಯಿತು. ಸೆಮಿಫೈನಲಿನಲ್ಲಿ ಏಳು ಗೋಲು ಬಿಟ್ಟುಕೊಟ್ಟ ತಂಡದ ಮೇಲೆ ಮರುವರ್ಷ ಯಾರು ತಾನೇ ಆಸೆ ಇಟ್ಟುಕೊಂಡಾರು?

ಮುಂದಿನ ವರ್ಷ ರವಿ ಬಾಬು ರಾಜು ತರಬೇತುದಾರರಾಗಿ ಬಂದರು. 2023ರ ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಕರ್ನಾಟಕಕ್ಕೆ ಸಿಕ್ಕಿದ ಗುಂಪು ಸುಲಭದ್ದಾಗಿರಲಿಲ್ಲ. ಹಾಲಿ ಚಾಂಪಿಯನ್ ಕೇರಳ, ಐದು ಬಾರಿ ಕಪ್ ಗೆದ್ದಿದ್ದ ಗೋವಾ, ಬಲಿಷ್ಠ ಪಂಜಾಬ್, ಆತಿಥೇಯ ಒಡಿಶಾ ಮತ್ತು ಮಹಾರಾಷ್ಟ್ರ ಅದರಲ್ಲಿದ್ದವು. ಆರು ತಂಡಗಳಲ್ಲಿ ಎರಡಕ್ಕೆ ಮಾತ್ರ ಮುಂದಿನ ದಾರಿ. ಕರ್ನಾಟಕ ಕೇರಳವನ್ನು 1-0ಯಿಂದ ಸೋಲಿಸಿ ಹಿಂದಿನ ವರ್ಷದ ಲೆಕ್ಕ ಚುಕ್ತಾ ಮಾಡಿತು. ಗುಂಪಿನಲ್ಲಿ ಪಂಜಾಬ್ ಮೊದಲು, ಕರ್ನಾಟಕ ಎರಡನೆಯದು. ಕೇರಳ ಮತ್ತು ಗೋವಾ ಮನೆಗೆ ಮರಳಿದವು.

ಆ ವರ್ಷ ಸೆಮಿಫೈನಲ್ ಮತ್ತು ಫೈನಲ್ ಪಂದ್ಯಗಳನ್ನು ಮೊದಲ ಬಾರಿಗೆ ದೇಶದ ಹೊರಗೆ, ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಆಡಿಸಲಾಯಿತು. ಮಾರ್ಚ್ 1ರ ಸೆಮಿಫೈನಲಿನಲ್ಲಿ ಎದುರಾಳಿ ಸರ್ವಿಸಸ್. ಭೂಸೇನೆ, ನೌಕಾದಳ, ವಾಯುದಳಗಳ ಆಟಗಾರರಿಂದ ಕಟ್ಟಿದ ತಂಡ ಅದು. ವರ್ಷವಿಡೀ ಶಿಸ್ತಿನ ಅಭ್ಯಾಸ, ಕೈಯಲ್ಲಿ ಕಾಯಂ ನೌಕರಿ. ಮೊದಲ ಗೋಲು ಸರ್ವಿಸಸ್‌ನದೇ. ಆದರೆ ವಿರಾಮಕ್ಕೆ ಮುಂಚೆ ಕೆಲವೇ ನಿಮಿಷಗಳಲ್ಲಿ ಕರ್ನಾಟಕ ಎರಡು ಗೋಲು ಹೊಡೆದು ಪಂದ್ಯವನ್ನು ತಿರುಗಿಸಿತು. ಕೊನೆಗೆ ಅಂಕ 3-1.

ಫೈನಲಿನಲ್ಲಿ ಎದುರಾದ ಮೇಘಾಲಯವೂ ಯಾರೂ ನಿರೀಕ್ಷಿಸಿರದ ತಂಡವೇ. ಅದು ಹಿಂದೆಂದೂ ಫೈನಲ್ ತಲುಪಿರಲಿಲ್ಲ. ಎರಡನೆಯ ನಿಮಿಷದಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಒಂಬತ್ತನೆಯ ನಿಮಿಷದಲ್ಲಿ ಮೇಘಾಲಯ ಪೆನಾಲ್ಟಿಯಿಂದ ಸರಿಗಟ್ಟಿತು. ಬೇಕೇ ಓರಾಂ ಮತ್ತೆ ಕರ್ನಾಟಕಕ್ಕೆ ಮುನ್ನಡೆ ಕೊಟ್ಟರು. ವಿರಾಮದ ಅಂಚಿನಲ್ಲಿ ರಾಬಿನ್ ಯಾದವ್ ಫ್ರೀ ಕಿಕ್‌ನಿಂದ ಮೂರನೆಯದನ್ನು ಸೇರಿಸಿದರು. ಅರವತ್ತನೆಯ ನಿಮಿಷದಲ್ಲಿ ಮೇಘಾಲಯ ಇನ್ನೊಂದು ಗೋಲು ಹೊಡೆದ ಮೇಲೆ ಉಳಿದ ಅರ್ಧ ತಾಸು ಕರ್ನಾಟಕದ ರಕ್ಷಣಾ ಆಟಗಾರರಿಗೆ ಸತ್ವಪರೀಕ್ಷೆ. ಅವರು ಬಿಟ್ಟುಕೊಡಲಿಲ್ಲ.

ದೊಡ್ಡ ದೀಪದ ಕೆಳಗಿನ ಚಿಕ್ಕ ಲೀಗ್

ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. ಈಗ ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜರ ಹೆಸರನ್ನು ಅದಕ್ಕೆ ಇಡಲಾಗಿದೆ. ಒಂದು ಕಾಲದಲ್ಲಿ ಭಾರತ ತಂಡಕ್ಕೆ ಆಯ್ಕೆಯಾಗುವ ದಾರಿಯೇ ಇದಾಗಿತ್ತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದ ಮೇಲೆ ಹೆಸರಾಂತ ಆಟಗಾರರು ಅದರ ಕ್ಲಬ್‌ಗಳ ಒಪ್ಪಂದಕ್ಕೆ ಒಳಗಾದರು. ಸಂತೋಷ್ ಟ್ರೋಫಿಗೆ ಉಳಿದವರು ನಗರ ಲೀಗಿನ ಹುಡುಗರು, ಬ್ಯಾಂಕು ಮತ್ತು ಕಚೇರಿ ತಂಡಗಳ ನೌಕರರು, ದೊಡ್ಡ ಕ್ಲಬ್ಬಿನ ಬಾಗಿಲು ಇನ್ನೂ ತೆರೆಯದವರು.

ವ್ಯತ್ಯಾಸವನ್ನು ತಿಳಿಯಲು ಅದೇ ತಿಂಗಳ ಇನ್ನೊಂದು ಪಂದ್ಯವನ್ನು ನೆನೆಯಬಹುದು. 2023ರ ಮಾರ್ಚ್ 18ರಂದು ನಮ್ಮ ನೆರೆಯ ಮಡಗಾಂವ್‌ನ ಫತೋರ್ಡಾದಲ್ಲಿ ಸೂಪರ್ ಲೀಗಿನ ಫೈನಲ್ ನಡೆಯಿತು. ಬೆಂಗಳೂರು ಎಫ್‌ಸಿ ಪೆನಾಲ್ಟಿಗಳಲ್ಲಿ ಮೋಹನ್ ಬಾಗಾನ್‌ಗೆ ಸೋತಿತು. ಅಲ್ಲಿ ಕಿಕ್ಕಿರಿದ ಜನ, ದೂರದರ್ಶನದ ಬೆಳಕು, ವಿದೇಶಿ ಆಟಗಾರರು. ಫೈನಲಿನಲ್ಲಿ ಸೋತ ಬೆಂಗಳೂರು ಕ್ಲಬ್ಬಿನ ಆಟಗಾರರ ಹೆಸರುಗಳನ್ನು ನಮ್ಮ ಹುಡುಗರು ಬಾಯಿಪಾಠ ಹೇಳುತ್ತಾರೆ. ಎರಡು ವಾರ ಮೊದಲು ಗೆದ್ದ ಕರ್ನಾಟಕ ತಂಡದಲ್ಲಿ ಯಾರಿದ್ದರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಮೇಲಿನ ಲೀಗ್ ಅಷ್ಟು ಗಟ್ಟಿಯೂ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಮತ್ತು ಅದರ ವಾಣಿಜ್ಯ ಪಾಲುದಾರರ ನಡುವಿನ ಒಪ್ಪಂದದ ಅವಧಿ ಮುಗಿಯುತ್ತಾ ಬಂದಾಗ, 2025ರ ಜುಲೈನಲ್ಲಿ ಸೂಪರ್ ಲೀಗನ್ನೇ ತಡೆಹಿಡಿಯಲಾಯಿತು. ಆಟಗಾರರು ಸಂಬಳದ ಚಿಂತೆಯಲ್ಲಿ ತಿಂಗಳುಗಳನ್ನು ಕಳೆದರು. ಮಾಳಿಗೆ ಎಷ್ಟೇ ಎತ್ತರವಾಗಿದ್ದರೂ ಪಂಚಾಂಗ ಗಟ್ಟಿಯಿಲ್ಲದಿದ್ದರೆ ಮನೆ ನಿಲ್ಲುವುದಿಲ್ಲ ಎಂಬ ಮಾತು ಕ್ರೀಡೆಗೂ ಸಲ್ಲುತ್ತದೆ.

ಹಳೆಯ ಮೈಸೂರು ತಂಡ ಎಲ್ಲಿಂದ ಬಂದಿತ್ತು?

ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು: 1946-47, 1952-53, 1967-68 ಮತ್ತು 1968-69ರಲ್ಲಿ. ನಾಲ್ಕೂ ಬಾರಿ ಫೈನಲಿನಲ್ಲಿ ಮಣಿದದ್ದು ಬಂಗಾಳ. 2024ರ ಕೊನೆಗೆ 33 ಬಾರಿ ಈ ಕಪ್ ಗೆದ್ದಿದ್ದ ರಾಜ್ಯ ಅದು. ಅಂಥ ಬಂಗಾಳವನ್ನು ಮಣಿಸಿದ ಮೈಸೂರು ಆಟಗಾರರು ಬೆಂಗಳೂರಿನ ದಂಡು ಪ್ರದೇಶದ ಬಡಾವಣೆಗಳಲ್ಲಿ, ಆಸ್ಟಿನ್ ಟೌನ್ ಮತ್ತು ಹಲಸೂರಿನ ಗೌತಮಪುರದಂಥ ಕಡೆಗಳಲ್ಲಿ ಬೆಳೆದವರು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದ ಅಹ್ಮದ್ ಖಾನ್ ಬೆಂಗಳೂರಿನ ಮೈದಾನಗಳಿಂದ ಬಂದವರು.

ಆ ಹುಡುಗರನ್ನು ಹಿಡಿದು ನಿಲ್ಲಿಸಿದ್ದು ಎರಡು ಸಂಗತಿ. ಮೊದಲನೆಯದು, ವರ್ಷವೂ ತಪ್ಪದೆ ನಡೆಯುತ್ತಿದ್ದ ನಗರ ಲೀಗ್. ಎರಡನೆಯದು, ಕಾರ್ಖಾನೆಗಳ ತಂಡಗಳು. ಎಚ್‌ಎಎಲ್, ಐಟಿಐಗಳಲ್ಲಿ ಆಟದ ಬಲದಿಂದ ನೌಕರಿ ಸಿಗುತ್ತಿತ್ತು. ಮಗ ಚೆಂಡು ಆಡಿದರೆ ಅನ್ನ ಸಿಗುತ್ತದೆಯೇ ಎಂಬ ತಾಯಿಯ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. ಕ್ರಮೇಣ ಆ ನೇಮಕಾತಿ ಕಡಿಮೆಯಾಯಿತು. ಎಚ್‌ಎಎಲ್ ತಂಡ 2010-11ರಲ್ಲಿ ಐ-ಲೀಗ್‌ವರೆಗೂ ಏರಿತು. ಕೋಟಿಗಟ್ಟಲೆ ಖರ್ಚು ಮಾಡುವ ಕ್ಲಬ್‌ಗಳ ನಡುವೆ ಎರಡೇ ವರ್ಷ ನಿಂತು ಕೆಳಗಿಳಿಯಿತು. ಮೈಸೂರಿನ ಕೊನೆಯ ಕಪ್ಪಿಗೂ ಕರ್ನಾಟಕದ ಮೊದಲ ಕಪ್ಪಿಗೂ ನಡುವೆ 54 ವರ್ಷ ಹಿಡಿದದ್ದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಗೆದ್ದವರು ಮರೆಯಾದರು, ಸೋತವರು ಉಳಿದರು

ರಿಯಾದ್‌ನ ಫೈನಲಿನ ನಂತರ ಎರಡೂ ತಂಡಗಳ ದಾರಿಯನ್ನು ಹೋಲಿಸಿ ನೋಡೋಣ. ಕರ್ನಾಟಕದ ಗತಿ ಮೇಲೆ ಹೇಳಿದ್ದೇವೆ. ಮೇಘಾಲಯ 2024ರ ಫೆಬ್ರವರಿ-ಮಾರ್ಚ್‌ನ ಅಂತಿಮ ಸುತ್ತಿನಲ್ಲೂ ಆಡಿತು, ಡಿಸೆಂಬರ್‌ನ ಅಂತಿಮ ಸುತ್ತಿನಲ್ಲೂ ಆಡಿತು. ಡಿಸೆಂಬರ್‌ನಲ್ಲಿ ಅದು ಕೊನೆಯ ಎಂಟರಲ್ಲಿತ್ತು. ಅದೇ ರಾಜ್ಯದ ಶಿಲ್ಲಾಂಗ್ ಲಜೊಂಗ್ ಕ್ಲಬ್ 2024 ಮತ್ತು 2025ರಲ್ಲಿ, ಸತತ ಎರಡು ವರ್ಷ, ಡುರಾಂಡ್ ಕಪ್ಪಿನ ಸೆಮಿಫೈನಲ್ ತಲುಪಿತು. 2024ರಲ್ಲಿ ಅದು ಸೋಲಿಸಿದ್ದು ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಂಥ ಹಿರಿಯ ಕ್ಲಬ್ಬನ್ನು.

ಇತ್ತ ಬೆಂಗಳೂರಿನಲ್ಲಿ ಎಸ್‌ಸಿ ಬೆಂಗಳೂರು ಎಂಬ ಕ್ಲಬ್ ಇನ್ನೊಂದು ಅಚ್ಚರಿ ಮಾಡಿತು. 2023-24ರ ಐ-ಲೀಗ್ 2ರಲ್ಲಿ ಗೋವಾದ ಹೆಸರಾಂತ ಡೆಂಪೊ ತಂಡವನ್ನೂ ಹಿಂದಿಕ್ಕಿ ಮೊದಲ ಸ್ಥಾನ ಪಡೆಯಿತು. ಎರಡೂ ತಂಡಗಳು ಐ-ಲೀಗ್‌ಗೆ ಬಡ್ತಿ ಪಡೆದವು. ಮರುವರ್ಷ ಎಸ್‌ಸಿ ಬೆಂಗಳೂರು ಕೆಳಗಿಳಿಯಿತು, ಡೆಂಪೊ ಉಳಿದುಕೊಂಡಿತು.

ಇದರಲ್ಲಿ ಅದೃಷ್ಟದ ಪಾಲಿಲ್ಲವೇ? ಖಂಡಿತ ಇದೆ. ಒಂದು ಗೋಲು ಅತ್ತಿತ್ತ ಆಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆದರೆ ಚಿಕ್ಕ ತಂಡಗಳಿಗೆ ಒಂದು ಶಾಪವಿದೆ. ಅವು ಗೆದ್ದ ಕೂಡಲೇ ಚದುರಿಹೋಗುತ್ತವೆ. ಚೆನ್ನಾಗಿ ಆಡಿದವನನ್ನು ದೊಡ್ಡ ಕ್ಲಬ್ ಕರೆಯುತ್ತದೆ. ಅವನು ಹೋಗಲೇಬೇಕು, ಅದು ಅವನ ಹಕ್ಕು. ಅವನ ಜಾಗಕ್ಕೆ ಬರುವ ಹುಡುಗ ಸಿದ್ಧನಿದ್ದಾನೆಯೇ ಎಂಬುದೇ ಪ್ರಶ್ನೆ. ಶಿಲ್ಲಾಂಗಿನಲ್ಲಿ ಬಡಾವಣೆಗೊಂದು ತಂಡ, ಶಾಲೆಗೊಂದು ತಂಡ. ಒಬ್ಬ ಹೋದರೆ ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಕರ್ನಾಟಕದ ತಂಡವೋ ಬಹುಪಾಲು ಬೆಂಗಳೂರು ಎಂಬ ಒಂದೇ ನಗರದ ಲೀಗಿನ ಮೇಲೆ ನಿಂತಿದೆ. ಮೂವತ್ತೊಂದು ಜಿಲ್ಲೆಗಳ ರಾಜ್ಯ ತನ್ನ ತಂಡವನ್ನು ಒಂದು ನಗರದಿಂದ ಆರಿಸುವುದಾದರೆ ಒಂದು ಬೆಳೆ ಬರಬಹುದು, ಪ್ರತಿ ವರ್ಷ ಬೆಳೆ ಬರಲಾರದು.

ಕಾರವಾರದಿಂದ ನೋಡಿದಾಗ

ಕಾರವಾರದಿಂದ ಬೆಂಗಳೂರು 500 ಕಿಲೋಮೀಟರಿಗೂ ದೂರ. ಮಡಗಾಂವ್ ಸುಮಾರು 70 ಕಿಲೋಮೀಟರ್. ಕಾಳಿ ನದಿ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಗೋವಾ. ಆದ್ದರಿಂದ ನಮ್ಮ ಊರುಗಳ ಫುಟ್‌ಬಾಲ್ ಪ್ರೀತಿ ಮೊದಲಿನಿಂದಲೂ ಗೋವಾದ ಕಡೆ ಮುಖ ಮಾಡಿದೆ. ಸಾಲ್ಗಾಂವ್ಕರ್, ಡೆಂಪೊ, ಚರ್ಚಿಲ್ ಬ್ರದರ್ಸ್ ಎಂದರೆ ಇಲ್ಲಿನ ಹಿರಿಯರ ಕಣ್ಣು ಅರಳುತ್ತದೆ.

ಗೋವಾದಲ್ಲಿ ಫುಟ್‌ಬಾಲ್ ಬೇರೂರಿದ ಬಗೆಯನ್ನು ನಾವು ಗಮನಿಸಬೇಕು. 1883ರಲ್ಲಿ ಸಿಯೋಲಿಂ ಎಂಬ ಊರಿಗೆ ಬಂದ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಅಲ್ಲಿ ಆಟವನ್ನು ಕಲಿಸಿದರೆಂದು ಚರಿತ್ರೆ ಹೇಳುತ್ತದೆ. ಚರ್ಚಿನ ಶಾಲೆಗಳಿಂದ ಅದು ಊರೂರಿನ ಬಯಲುಗಳಿಗೆ ಹರಡಿತು. ಊರ ಚರ್ಚಿನ ಎದುರಿನ ಬಯಲು, ಗದ್ದೆ ಕೊಯ್ಲಿನ ನಂತರದ ಬಯಲು, ಊರ ಕ್ಲಬ್, ಆಮೇಲೆ ಗೋವಾ ಲೀಗ್, ಕೊನೆಗೆ ದೇಶದ ಲೀಗ್. ಹೀಗೆ ಮೆಟ್ಟಿಲುಗಳು ಒಂದರ ಮೇಲೊಂದು ಇದ್ದುದರಿಂದಲೇ ಅಷ್ಟು ಚಿಕ್ಕ ರಾಜ್ಯದ ಕ್ಲಬ್‌ಗಳು 2004-05ರಿಂದ 2012-13ರವರೆಗಿನ ಒಂಬತ್ತು ವರ್ಷಗಳಲ್ಲಿ ಎಂಟು ಬಾರಿ ದೇಶದ ಲೀಗ್ ಗೆದ್ದವು. ಡೆಂಪೊ ಐದು, ಚರ್ಚಿಲ್ ಎರಡು, ಸಾಲ್ಗಾಂವ್ಕರ್ ಒಂದು ಬಾರಿ.

ನಮ್ಮಲ್ಲಿ ಏನಿದೆ? ಉತ್ಸಾಹವಿದೆ. ದೇಹಬಲವಿದೆ. ದೋಣಿ ಎಳೆದು, ಮರಳಿನಲ್ಲಿ ಓಡಿ ಗಟ್ಟಿಯಾದ ಕಾಲುಗಳಿವೆ. ಪಂದ್ಯಾವಳಿಗಳೂ ಇವೆ. ಫೆಸ್ತಿನ ಸಂದರ್ಭಕ್ಕೆ, ಜಾತ್ರೆಗೆ, ಯಾರದೋ ಸ್ಮರಣಾರ್ಥ, ಭಾನುವಾರ ಬೆಳಿಗ್ಗೆ ಆರಂಭಿಸಿ ರಾತ್ರಿ ಬೆಳಕಿನಲ್ಲಿ ಮುಗಿಸುವ ಪಂದ್ಯಾವಳಿಗಳು. ದೊಡ್ಡ ಟ್ರೋಫಿ, ನಗದು ಬಹುಮಾನ, ಧ್ವನಿವರ್ಧಕ, ಅತಿಥಿಗಳ ಭಾಷಣ. ಇವು ಬೇಡವೆಂದು ನಾವು ಹೇಳುವುದಿಲ್ಲ. ಊರನ್ನು ಒಂದೆಡೆ ಸೇರಿಸುವ ಸಂತೋಷ ಅದರಲ್ಲಿದೆ.

ಆದರೆ ಲೆಕ್ಕ ಹಾಕಿ ನೋಡೋಣ. ಹದಿನಾರು ತಂಡಗಳ ನಾಕೌಟ್ ಪಂದ್ಯಾವಳಿಯಲ್ಲಿ ಒಟ್ಟು 15 ಪಂದ್ಯ. ಎಂಟು ತಂಡಗಳು ಒಂದೇ ಪಂದ್ಯ ಆಡಿ ಚೀಲ ಹೆಗಲಿಗೇರಿಸಿ ಹೊರಡುತ್ತವೆ. ಕಪ್ ಗೆದ್ದವರು ಕೂಡ ಆಡುವುದು ನಾಲ್ಕೇ ಪಂದ್ಯ, ಅದೂ ಮೊಟಕುಗೊಳಿಸಿದ ಅವಧಿಯದು. ಅದರ ಬದಲು ಎಂಟು ತಂಡಗಳ ಲೀಗ್ ಇದ್ದರೆ ಒಟ್ಟು 28 ಪಂದ್ಯ. ಅತ್ಯಂತ ದುರ್ಬಲ ತಂಡಕ್ಕೂ ಏಳು ಪೂರ್ಣ ಪಂದ್ಯ. ಎರಡು ಸುತ್ತು ಆಡಿಸಿದರೆ ಹದಿನಾಲ್ಕು. ಮೊದಲ ವಾರ ಐದು ಗೋಲು ಬಿಟ್ಟ ಗೋಲ್ ಕೀಪರ್‌ಗೆ ಎರಡನೆಯ ವಾರ ತಿದ್ದಿಕೊಳ್ಳುವ ಅವಕಾಶ ಸಿಗುತ್ತದೆ. ನಾಕೌಟ್‌ನಲ್ಲಿ ಅವನಿಗೆ ಎರಡನೆಯ ವಾರವೇ ಇಲ್ಲ.

ಏಳು ಗೋಲು ತಿಂದ ಕರ್ನಾಟಕಕ್ಕೆ ಹತ್ತು ತಿಂಗಳ ನಂತರ ಅದೇ ಕೇರಳದ ಎದುರು ಮತ್ತೆ ನಿಲ್ಲುವ ಅವಕಾಶವಿತ್ತು. ನಡುವೆ ಆಟಗಾರರಿಗೆ ಆಡಲು ಬೆಂಗಳೂರಿನ ಲೀಗ್ ಇತ್ತು. ಅಚ್ಚರಿಯ ಗೆಲುವು ಎಂದು ನಾವು ಕರೆಯುವುದು ದೂರದಿಂದ ನೋಡಿದವರಿಗೆ ಮಾತ್ರ ಅಚ್ಚರಿ. ಯಾರೂ ನೋಡದ ವಾರಗಳಲ್ಲಿ ಆಡಿದವರಿಗೆ ಅದು ಶ್ರಮದ ಫಲ.

ಮೈದಾನವೇ ಇಲ್ಲದಿದ್ದರೆ?

ಲೀಗ್ ನಡೆಸಲು ಮೊದಲು ಬೇಕಾದದ್ದು ನೆಲ. ಈ ವಿಷಯದಲ್ಲಿ ನಮ್ಮ ಎರಡು ತಾಲೂಕುಗಳ ಕಷ್ಟ ಎಲ್ಲರಿಗೂ ಗೊತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ. ನಡುವಿನ ಕಿರಿದಾದ ಪಟ್ಟಿಯಲ್ಲಿ ಹೆದ್ದಾರಿ, ಕೊಂಕಣ ರೈಲ್ವೆ, ಸೀಬರ್ಡ್ ನೌಕಾನೆಲೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್‌ಗಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಮನೆ, ಗದ್ದೆ, ದೇವಸ್ಥಾನ, ಚರ್ಚುಗಳ ಜೊತೆ ಮಕ್ಕಳು ಆಡುತ್ತಿದ್ದ ಕಡಲದಂಡೆಯೂ ಹೋಯಿತು. ಪರಿಹಾರದ ಪಟ್ಟಿಯಲ್ಲಿ ಮಕ್ಕಳ ಆಟದ ಬಯಲಿಗೆ ಬೆಲೆ ಕಟ್ಟುವವರು ಯಾರು? ಆಮೇಲೆ ಹೆದ್ದಾರಿ ಅಗಲವಾಯಿತು. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಭೂಮಿ ಕೇಳಲಾಯಿತು. ಕೇಣಿಯಲ್ಲಿ ಬಂದರು ಯೋಜನೆ ಬಂದು, ಮೀನುಗಾರರು ಅದನ್ನು ವಿರೋಧಿಸಿ ಬೀದಿಗಿಳಿದರು.

ಅಭಿವೃದ್ಧಿ ಬೇಕೇ ಬೇಡವೇ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುತ್ತಿಲ್ಲ. ಆದರೆ ಇರುವ ಬಯಲುಗಳ ಬೆಲೆ ದಿನೇ ದಿನೇ ಹೆಚ್ಚುತ್ತಿದೆ ಎಂಬುದು ಸ್ಪಷ್ಟ. ಕಾರವಾರದ ಮಾಲಾದೇವಿ ಮೈದಾನ, ಅಂಕೋಲಾದ ಜೈಹಿಂದ್ ಮೈದಾನ ನಮ್ಮ ಊರುಗಳ ಆಸ್ತಿ. ಇವುಗಳ ಜೊತೆ ಶಾಲೆಗಳ ಆವರಣಗಳಿವೆ, ಚರ್ಚುಗಳ ಬಯಲುಗಳಿವೆ. ಇವುಗಳಲ್ಲಿ ಕೆಲವು ವಾರಪೂರ್ತಿ ಬೀಗ ಹಾಕಿಕೊಂಡಿರುತ್ತವೆ, ಕೆಲವು ಮದುವೆಗೆ ಬಂದವರ ವಾಹನ ನಿಲ್ಲಿಸಲು ಬಳಕೆಯಾಗುತ್ತವೆ. ಬಯಲಿನಲ್ಲಿ ಮಕ್ಕಳು ಆಡುತ್ತಿದ್ದರೆ ಅದನ್ನು ಕಿತ್ತುಕೊಳ್ಳಲು ಬರುವವರು ಎರಡು ಬಾರಿ ಯೋಚಿಸುತ್ತಾರೆ. ಖಾಲಿ ಬಿದ್ದ ಬಯಲಿಗೆ ಆ ರಕ್ಷಣೆ ಇಲ್ಲ.

ಏಣಿ ಕಿತ್ತುಕೊಂಡರೆ ಏನಾಗುತ್ತದೆ

ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿ ಕೊಡಲಾರಂಭಿಸಿತು. ಆಗ ಕೇಂದ್ರದಲ್ಲಿ ಯುವಜನ ಮತ್ತು ಕ್ರೀಡಾ ಖಾತೆಯ ಹೊಣೆ ಹೊತ್ತಿದ್ದವರು ಮಾರ್ಗರೆಟ್ ಆಳ್ವ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಿನ ಮಕ್ಕಳು, ಅವರಲ್ಲಿ ನಮ್ಮ ಧರ್ಮಪ್ರಾಂತ್ಯದ ಕ್ರೈಸ್ತ ಸಿದ್ದಿ ಕುಟುಂಬಗಳ ಮಕ್ಕಳೂ ಸೇರಿ, ದೊಡ್ಡ ಊರುಗಳ ಕ್ರೀಡಾ ವಸತಿಗಳಿಗೆ ಹೋದರು. ಜೂಜೆ ಜಾಕಿ ಹರ್ನೋಡ್ಕರ್, ಕಮಲಾ ಸಿದ್ದಿಯಂಥವರು ದೇಶದ ಮಟ್ಟದಲ್ಲಿ ಹೆಸರು ಮಾಡಿದರು.

1993ರಲ್ಲಿ ಆ ಯೋಜನೆ ಸಿದ್ದಿಗಳ ಪಾಲಿಗೆ ನಿಂತುಹೋಯಿತು. ಕೆಲವರಿಗೆ ಆಟದಿಂದ ನೌಕರಿ ಸಿಕ್ಕಿತು. ಉಳಿದವರು ಹಿಂದಿರುಗಿ ಕೂಲಿಗೆ ಹೋದರು. ಅವರ ಹಿಂದಿನ ಪೀಳಿಗೆಗೆ ಬಾಗಿಲೇ ಇರಲಿಲ್ಲ, ಮುಂದಿನ ಪೀಳಿಗೆಗೆ ಮುಚ್ಚಿದ ಬಾಗಿಲು. ಇತ್ತೀಚಿನ ವರ್ಷಗಳಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮುಂಡಗೋಡದಲ್ಲಿ ಮತ್ತೆ ಸಿದ್ದಿ ಮಕ್ಕಳಿಗೆ ಓಟದ ತರಬೇತಿ ಕೊಡುತ್ತಿರುವುದು ಸಮಾಧಾನದ ವಿಷಯ.

ಇದರಿಂದ ತಿಳಿಯುವುದೇನು? ಪ್ರತಿಭೆಯ ಕೊರತೆ ನಮ್ಮ ಜಿಲ್ಲೆಗೆ ಎಂದೂ ಇರಲಿಲ್ಲ. ಸರ್ಕಾರದ ಒಂದು ಆದೇಶದಿಂದ ಬಂದದ್ದು ಇನ್ನೊಂದು ಆದೇಶದಿಂದ ಹೋಗುತ್ತದೆ. ಊರಿನವರೇ ನಡೆಸುವ ಚಿಕ್ಕ ವ್ಯವಸ್ಥೆ ಮಾತ್ರ ಮಂತ್ರಿಗಳು ಬದಲಾದರೂ ಉಳಿಯುತ್ತದೆ.

ನಮ್ಮಿಂದ ಆಗಬಹುದಾದದ್ದು

ಸದಾಶಿವಗಡ, ಕಡವಾಡ, ಕಾರವಾರ ಪಟ್ಟಣ, ಬಿಣಗಾ, ಅಮದಳ್ಳಿ, ಅವರ್ಸಾ, ಬೇಲೇಕೇರಿ, ಅಂಕೋಲಾ. ಎಂಟು ಊರು, ಎಂಟು ತಂಡ. ಕಾರವಾರದಿಂದ ಅಂಕೋಲಾಕ್ಕೆ ಬಸ್ಸಿನಲ್ಲಿ ಒಂದು ತಾಸು. ಏಳು ಭಾನುವಾರಗಳಲ್ಲಿ ಒಂದು ಸುತ್ತಿನ ಲೀಗ್ ಮುಗಿಯುತ್ತದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಂತೆ ಮಕ್ಕಳು ಆಟ ಬಿಡುತ್ತಾರೆ, ಆಮೇಲೆ ಕೆಲವರು ದೋಣಿ ಹತ್ತುತ್ತಾರೆ, ಕೆಲವರು ಗೋವಾಕ್ಕೆ ಕೆಲಸಕ್ಕೆ ಹೋಗುತ್ತಾರೆ. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ, ಪರೀಕ್ಷೆಯ ಬಿಸಿ ಏರುವ ಮೊದಲು, ನವೆಂಬರ್‌ನಿಂದ ಜನವರಿಯವರೆಗಿನ ಭಾನುವಾರದ ಸಂಜೆಗಳು ಇದಕ್ಕೆ ಸೂಕ್ತ.

ತಂಡಗಳು ಊರಿನವಾಗಿರಬೇಕು, ಧರ್ಮದವಾಗಿರಬಾರದು. ಹಾಲಕ್ಕಿ, ಖಾರ್ವಿ, ಅಂಬಿಗ, ಹರಿಕಾಂತ, ಮುಸ್ಲಿಂ, ಕ್ರೈಸ್ತ ಮಕ್ಕಳು ಒಂದೇ ಅಂಗಿ ತೊಟ್ಟು ಆಡಬೇಕು. ಹೆಣ್ಣುಮಕ್ಕಳ ತಂಡಗಳನ್ನೂ ಮೊದಲ ವರ್ಷದಿಂದಲೇ ಯೋಚಿಸಬೇಕು. ಧರ್ಮಕೇಂದ್ರಗಳು ಮತ್ತು ಯುವಜನ ಸಂಘಟನೆಗಳು ಬಯಲು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸಮಯ ಪಾಲನೆ ಇಷ್ಟನ್ನು ವಹಿಸಿಕೊಂಡರೆ ಸಾಕು.

ಹಣ? ಒಂದು ದಿನದ ಪಂದ್ಯಾವಳಿಗೆ ಆಗುವ ಬಹುಮಾನ, ಶಾಮಿಯಾನ, ಧ್ವನಿವರ್ಧಕದ ಖರ್ಚಿನಲ್ಲಿ ಒಂದು ಪಾಲನ್ನು ಚೆಂಡು, ಬಸ್ ಚಾರ್ಜು ಮತ್ತು ರೆಫರಿಯ ಭತ್ಯೆಗೆ ತಿರುಗಿಸಿದರೆ ಬಹಳಷ್ಟು ನೀಗುತ್ತದೆ. ಸರ್ವಿಸಸ್ ತಂಡದಲ್ಲಿ ಆಡುವ ನೌಕಾದಳ ನಮ್ಮ ಬಾಗಿಲಲ್ಲೇ ಇದೆ. ಅಲ್ಲಿನ ತರಬೇತುದಾರರ ನೆರವನ್ನು ಜಿಲ್ಲಾಡಳಿತದ ಮೂಲಕ ಕೋರಬಹುದು. ಊರು ಬಿಟ್ಟುಕೊಟ್ಟ ಜನರ ಮಕ್ಕಳಿಗಾಗಿ ಇಷ್ಟು ಕೇಳುವುದು ಹೆಚ್ಚೇನಲ್ಲ. ಲೀಗ್ ಎರಡು ವರ್ಷ ನಿಂತರೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮುಂದೆ ಹೋಗಿ, ರಾಜ್ಯ ತಂಡದ ಆಯ್ಕೆಗೆ ಬರುವಾಗ ಕರಾವಳಿಯ ಕಡೆಗೂ ಒಮ್ಮೆ ಬನ್ನಿ ಎಂದು ಹೇಳಲು ನಮಗೆ ಬಾಯಿ ಬರುತ್ತದೆ. ಕೈಯಲ್ಲಿ ಪಂದ್ಯಗಳ ದಾಖಲೆ ಇಲ್ಲದೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ತಂದೆ ತಾಯಿಯರ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಎಂಟು ತಂಡಗಳ ನೂರಾರು ಮಕ್ಕಳಲ್ಲಿ ಒಬ್ಬನಿಗೆ ಆಟದಿಂದ ನೌಕರಿ ಸಿಕ್ಕರೆ ಅದೇ ಹೆಚ್ಚು. ಯಾರಿಗೂ ಸಿಗದೆಯೂ ಇರಬಹುದು. ಆದ್ದರಿಂದ ನೌಕರಿಯ ಆಸೆ ತೋರಿಸಿ ಮಕ್ಕಳನ್ನು ಕರೆಯುವುದು ಸರಿಯಲ್ಲ. ವಾರಕ್ಕೊಮ್ಮೆ ಸರಿಯಾದ ಸಮಯಕ್ಕೆ ಬರುವುದು, ಸೋತ ಮೇಲೆ ಎದುರಾಳಿಯ ಕೈ ಕುಲುಕುವುದು, ಮುಂದಿನ ವಾರ ಮತ್ತೆ ಬರುವುದು, ಇಷ್ಟು ಕಲಿತರೂ ಮಗುವಿಗೆ ನಷ್ಟವಿಲ್ಲ. ಸಂಜೆಯ ಹೊತ್ತು ಮೊಬೈಲ್ ಹಿಡಿದು ಕೂರುವುದಕ್ಕಿಂತ, ಇಲ್ಲವೇ ಕೆಟ್ಟ ಚಟಗಳ ಕಡೆ ಸಾಗುವುದಕ್ಕಿಂತ ಇದು ಎಷ್ಟೋ ಮೇಲು ಎಂದು ಒಪ್ಪದ ತಾಯಿ ಇರಲಾರಳು.

ರಿಯಾದ್‌ನ ಆ ರಾತ್ರಿಯನ್ನು ಕರ್ನಾಟಕ ಹಬ್ಬದಂತೆ ಆಚರಿಸಿತು, ಬೆಳಗಾದ ಮೇಲೆ ಮುಂದಿನ ಸಾಲಿನ ಹುಡುಗರನ್ನು ಹುಡುಕುವುದನ್ನು ಮರೆಯಿತು. ನಮ್ಮ ಎರಡು ತಾಲೂಕುಗಳು ಆ ಸಾಲಿನಲ್ಲಿ ಕೆಲವರನ್ನಾದರೂ ನಿಲ್ಲಿಸಬಲ್ಲವು. ಮುಂದಿನ ಪಾಲನಾ ಪರಿಷತ್ಸಭೆಯಲ್ಲಿ ಈ ವರ್ಷದ ಪಂದ್ಯಾವಳಿಯ ಖರ್ಚಿನ ವಿಷಯ ಬಂದಾಗ ಮೂರು ಪ್ರಶ್ನೆಗಳನ್ನು ಜೊತೆಗೆ ಕೇಳೋಣ: ಬಯಲಿನ ಬೀಗದ ಕೈ ಯಾರ ಬಳಿ ಇದೆ, ಮೊದಲ ಭಾನುವಾರ ಯಾವುದು, ಸೀಟಿ ಊದಲು ಯಾರು ಬರುತ್ತಾರೆ?